ಹೆಸರಿದ್ದವರ ಮುಖ, ಹೆಸರಿಲ್ಲದವರ ಮೈ

ದಲಿತ ವಿಮರ್ಶೆ ಅಂದ ತಕ್ಷಣ ನಮ್ಮಲ್ಲಿ ಕತೆ, ಕವಿತೆ, ಆತ್ಮಕತೆಗಳ ವಿಮರ್ಶೆ ಎಂದೇ ಅರ್ಥ. ಚಿತ್ರ ಎಂಬುದೊಂದು ಇದೆ, ಅದನ್ನು ನೋಡುವ ಕಣ್ಣಿಗೂ ಜಾತಿ ಇದೆ, ಅದನ್ನೂ ಓದಬೇಕು ಅನ್ನುವುದು ಕನ್ನಡದ ವಿಮರ್ಶಕರಿಗೆ ಯಾಕೋ ಹೊಳೆದದ್ದು ಕಡಿಮೆ. ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯ ಗೋಡೆ ಮೇಲೆ ಒಂದು ನವಿಲು ಮೂಡುತ್ತದೆ. ಆ ನವಿಲಿನ ಬಗ್ಗೆ ಎಷ್ಟು ಪುಟ ಬರೆದಿದ್ದಾರೆ! ಅದು ಕನಸಿನ ಸಂಕೇತ, ಬಿಡುಗಡೆಯ ಸಂಕೇತ, ಇನ್ನೂ ಏನೇನೋ. ಒಪ್ಪೋಣ. ಆದರೆ ಅದು ಮೊದಲು ಒಂದು ಚಿತ್ರ ಕಣ್ರಪ್ಪ. ಹಸಿದ ಮನೆಯಲ್ಲಿ ಯಾರದೋ ಕೈ ಗೋಡೆಯೊಂದನ್ನು ಚಿತ್ರಕ್ಕೆ ಅಂತ ಬಳಸಿಕೊಂಡಿದೆ, ಮನೆಯವರು ಅದಕ್ಕೆ ಅಡ್ಡಿ ಮಾಡಿಲ್ಲ. ಇದನ್ನು ಚಿತ್ರ ಎಂದು ನೋಡಿ ಬರೆದದ್ದನ್ನು ನಾನು ಓದಿದ ನೆನಪಿಲ್ಲ.

ನಾನು ಬಣ್ಣದ ಕೆಲಸದವನು. ಮುಖ ಬರೆಯುತ್ತೇನೆ, ಮೈ ಬರೆಯುತ್ತೇನೆ, ಪಾತ್ರೆ ಪಡಗ ಬರೆಯುತ್ತೇನೆ. ಕಲಾಶಾಲೆಯ ಭಾಷೆಯಲ್ಲಿ ಇವಕ್ಕೆ ಪೋರ್ಟ್ರೇಟ್, ಫಿಗರ್ ಸ್ಟಡಿ, ಸ್ಟಿಲ್ ಲೈಫ್ ಅಂತ ಹೆಸರು. ಭಾವಚಿತ್ರ, ಮಾನವಾಕೃತಿ ಅಭ್ಯಾಸ, ವಸ್ತುಚಿತ್ರ ಅಂತ ಕನ್ನಡವನ್ನೂ ಮಾಡಿಕೊಂಡಿದ್ದೇವೆ. ಈ ಮೂರರ ನಡುವೆ ಇರುವ ಗೆರೆ ಬರೀ ವಿಷಯದ ಗೆರೆ ಅಂತ ನಮಗೆ ಪಾಠ ಮಾಡಿದರು. ಅದು ಹಾಗಿಲ್ಲ ಅಂತ ತಿಳಿಯೋದಕ್ಕೆ ನನಗೆ ಬಹಳ ಕಾಲ ಬೇಕಾಯಿತು.

1667ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಫೆಲಿಬಿಯನ್ ಎಂಬಾತ ಅಲ್ಲಿನ ರಾಜಾಶ್ರಯದ ಕಲಾ ಅಕಾಡೆಮಿಗಾಗಿ ಚಿತ್ರಗಳ ಮೇಲುಕೀಳನ್ನು ಬರೆದಿಟ್ಟ. ಎಲ್ಲಕ್ಕಿಂತ ಮೇಲೆ ಪುರಾಣ, ಇತಿಹಾಸ, ಮಹಾಪುರುಷರ ಸಾಹಸ. ಅದರ ಕೆಳಗೆ ಒಬ್ಬ ವ್ಯಕ್ತಿಯ ಭಾವಚಿತ್ರ. ಇನ್ನೂ ಕೆಳಗೆ ಜೀವಂತ ಪ್ರಾಣಿ, ನಿಸರ್ಗದೃಶ್ಯ. ತಳದಲ್ಲಿ ಹಣ್ಣು, ಹೂವು, ಕಪ್ಪೆಚಿಪ್ಪು. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಇದು ನಮಗೆ ಯಾರೂ ಹೇಳಿಕೊಡಬೇಕಾದದ್ದಲ್ಲವಲ್ಲ! ಇನ್ನೊಂದು ಮಾತು. ಫಿಗರ್ ಸ್ಟಡಿ ಈ ಏಣಿಯಲ್ಲೇ ಇಲ್ಲ. ಅದು ಚಿತ್ರವಲ್ಲ, ಚಿತ್ರಕ್ಕೆ ಬೇಕಾದ ಕೂಲಿ. ದೊಡ್ಡ ಪುರಾಣಚಿತ್ರದಲ್ಲಿ ದೇವತೆಗೊಂದು ತೋಳು ಬೇಕು, ಅದಕ್ಕೆ ಯಾರದೋ ತೋಳು ನೋಡಿ ಅಭ್ಯಾಸ. ನಾಲ್ಕು ವರ್ಣಗಳ ಲೆಕ್ಕದಿಂದ ಆಚೆ ಇಟ್ಟವರ ಹಾಗೆ ಇದು.

ಪ್ಯಾರಿಸ್ಸಿನ ಪಟ್ಟಿಯಲ್ಲಿ ಜಾತಿ ಇತ್ತು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಪಾತ್ರೆ, ಮೀನು, ಹಣ್ಣು ಬರೆಯುವ ಶಾರ್ದ್ಯಾನನ್ನು 1728ರಲ್ಲಿ ಅದೇ ಅಕಾಡೆಮಿ ಒಳಕ್ಕೆ ಕರೆದುಕೊಂಡಿತು. ಏಣಿಯ ಮೆಟ್ಟಿಲು ಅಲ್ಲಿ ಒಂದಿಷ್ಟು ಅಲುಗಾಡುತ್ತಿತ್ತು. ಅದೇ ಏಣಿ ಬ್ರಿಟಿಷರ ಕಲಾಶಾಲೆಗಳ ಮೂಲಕ ಮದರಾಸಿಗೆ, ಮುಂಬಯಿಗೆ, ಆಮೇಲೆ ನಮ್ಮ ಮೈಸೂರಿಗೆ ಬಂದಾಗ ಇಲ್ಲಿ ಮೊದಲೇ ನಿಂತಿದ್ದ ಇನ್ನೊಂದು ಏಣಿಗೆ ಒರಗಿಕೊಂಡಿತು.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ನೋಡಿ. ರಾಜರ ಚಿತ್ರಗಳ ಕೆಳಗೆ ಹೆಸರಿದೆ, ಬಿರುದಿದೆ. ಅಲ್ಲೇ ರವಿವರ್ಮ 1889ರಲ್ಲಿ ಬರೆದ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’ ಇದೆ. ಬೇರೆ ಬೇರೆ ಪ್ರಾಂತ್ಯ, ಬೇರೆ ಬೇರೆ ಉಡುಗೆಯ ಹನ್ನೊಂದು ಮಂದಿ ಹೆಂಗಸರು ಒಟ್ಟಿಗೆ ಸೇರಿದ್ದಾರೆ. ಇದು ಇಡೀ ದೇಶದ ಹೆಣ್ಣುಮಕ್ಕಳ ಗುಂಪುಚಿತ್ರ ಅಂತ ಎಷ್ಟೋ ಜನ ಬರೆದಿದ್ದಾರೆ. ದೇಶ ಅಂದ್ರೆ ಅಷ್ಟೇ. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವವಳು ಆ ದೇಶದಲ್ಲಿಲ್ಲ. ಸಂಗೀತಗಾರ್ತಿಯರ ಚಿತ್ರದಲ್ಲಿ ಕೂಲಿಯವಳು ಯಾಕೆ ಬರಬೇಕು ಎಂದು ಕೇಳಬಹುದು. ನಾಟಿ ಹಾಕುತ್ತಾ ಪದ ಹೇಳುವವಳು ಸಂಗೀತಗಾರ್ತಿ ಅಲ್ಲ ಅಂತ ತೀರ್ಮಾನ ಮಾಡಿದ್ದು ಯಾರು?

ಅದೇ ಅರಮನೆಯಲ್ಲಿ ಜನ ಮುಗಿಬಿದ್ದು ನೋಡುವುದು ದೀಪ ಹಿಡಿದ ಹೆಣ್ಣನ್ನು. ನಮ್ಮ ಕಡೆ ಬಹಳ ಜನ ಅದನ್ನೂ ರವಿವರ್ಮನದೇ ಅಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಲ್ದಣ್ಕರ್. ದೀಪ ಹಿಡಿದು ನಿಂತವರು ಅವರದೇ ಮಗಳು ಗೀತಾ. ಅವರು 2018ರಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡಾಗ ಪತ್ರಿಕೆಗಳೆಲ್ಲ ಬರೆದವು. ಬರೆಯಬೇಕಾದ್ದೇ. ಗಂಟೆಗಟ್ಟಲೆ ದೀಪ ಹಿಡಿದು ನಿಲ್ಲುವುದು ಸಣ್ಣ ಕೆಲಸವಲ್ಲ, ಮಾಡೆಲ್ ಆದವರ ಶ್ರಮಕ್ಕೆ ಒಂದು ಹೆಸರು ಸಿಕ್ಕಿತಲ್ಲ ಅಂತ ನನಗೂ ಸಂತೋಷ. ನನ್ನ ತಕರಾರು ಇಷ್ಟೆ: ಕಲಾವಿದನ ಮಗಳಾಗದೆ, ಕೂಲಿಗೆ ಬಂದು ನಿಂತವಳಾಗಿದ್ದರೆ ಅವಳ ಹೆಸರು ಯಾರ ಬಾಯಲ್ಲಿ ಉಳಿಯುತ್ತಿತ್ತು?

ಕೂಲಿಗೆ ನಿಲ್ಲುವವರ ವಿಚಾರಕ್ಕೆ ಬರುತ್ತೇನೆ. ನಾನು ಕಲಿತ ಶಾಲೆಯಲ್ಲಿ (ಅದರ ಹೆಸರು ಇಲ್ಲಿ ಬೇಡ) ಫಿಗರ್ ಸ್ಟಡಿಗೆ ಬರುತ್ತಿದ್ದವರು ಬಸ್‌ಸ್ಟ್ಯಾಂಡಿನ ಹಮಾಲಿ, ಗುಡಿ ಮುಂದಿನ ಭಿಕ್ಷುಕ, ಅವತ್ತು ಗಾರೆ ಕೆಲಸ ಸಿಗದೆ ಉಳಿದವನು. ಲಂಗೋಟಿಯಲ್ಲಿ ಕೂರಿಸುತ್ತಿದ್ದರು. ಮೇಷ್ಟ್ರು ಕೋಲು ಹಿಡಿದು ಎದೆಗೂಡು ತೋರಿಸಿ, ‘ಇಷ್ಟು ಚೆನ್ನಾಗಿ ಮೂಳೆ ಕಾಣೋ ಮಾಡೆಲ್ಲು ಸಿಗೋದಿಲ್ಲ, ನೋಡ್ಕೊಳ್ಳಿ’ ಅನ್ನುತ್ತಿದ್ದರು. ನಮ್ಮ ಮನೆಗಳಲ್ಲಿ ಹಸಿವು ಅನ್ನಿಸಿಕೊಂಡಿದ್ದು ಆ ಕೋಣೆಯಲ್ಲಿ ಅನಾಟಮಿ ಅನ್ನಿಸಿಕೊಂಡಿತ್ತು.

ಒಂದು ದಿನ ಟೀ ಬಿಡುವಿನಲ್ಲಿ ಅಂಥ ಒಬ್ಬ ಯಜಮಾನ ಪಂಚೆ ಸುತ್ತಿಕೊಂಡು ನನ್ನ ಹತ್ತಿರ ಬಂದ. ‘ಯಾವೂರಾಯ್ತು ಮಗ?’ ಅಂದ. ಹೇಳಿದೆ. ‘ಊರೊಳಗ, ಕೇರೀಲ?’ ಕೇರಿ ಅಂದೆ. ತಲೆಯಾಡಿಸಿ, ನನ್ನ ಹಾಳೆಯನ್ನೇ ಸ್ವಲ್ಪ ಹೊತ್ತು ನೋಡಿ, ‘ತಲೆ ಯಾಕ್ ಮಗ ಬರ್ದೇ ಇಲ್ಲ?’ ಅಂದ. ಅಂದಿನ ಪಾಠ ಎದೆ ಮತ್ತು ತೋಳು. ಹನ್ನೆರಡು ಹುಡುಗರ ಹನ್ನೆರಡು ಹಾಳೆಯಲ್ಲೂ ಆತನಿಗೆ ತಲೆ ಇರಲಿಲ್ಲ. ನಾನು ಅವತ್ತೇ ಮೇಲೆ ಮುಖ ಬರೆದು, ಹೆಸರು ಕೇಳಿ ಕೆಳಗೆ ಹಾಕಿದೆ. ಮಾರನೆಯ ದಿನ ಮೇಷ್ಟ್ರು ಕೆಂಪು ಪೆನ್ಸಿಲಿನಲ್ಲಿ ಆ ಹೆಸರನ್ನು ಹೊಡೆದು ‘ಪುರುಷಾಕೃತಿ ಅಭ್ಯಾಸ’ ಅಂತ ಬರೆದುಕೊಟ್ಟರು. ಅವರು ಕೆಟ್ಟವರಲ್ಲ. ಒಳ್ಳೆಯ ಗೆರೆ ಇದ್ದವರು, ನನಗೆ ಕಾಗದಕ್ಕೆ ಕಾಸು ಕೊಟ್ಟವರು. ಆದರೆ ಅವರ ಪ್ರಕಾರ ಆ ಮೈಗೂ ಆ ಹೆಸರಿಗೂ ಸಂಬಂಧ ಬೇಕಾಗಿರಲಿಲ್ಲ.

ಈ ತಲೆಯಿಲ್ಲದ ಮೈಗಳ ಹಿಂದೆ ದೊಡ್ಡ ಇತಿಹಾಸವೇ ಇದೆ. ಕಂಪನಿ ಸರ್ಕಾರದ ಕಾಲದಲ್ಲಿ ತಂಜಾವೂರು ಕಡೆಯ ಚಿತ್ರಕಾರರು ಸಾಹೇಬರಿಗಾಗಿ ಜಾತಿಗೊಂದು ಗಂಡು ಹೆಣ್ಣು ಜೋಡಿ ಬರೆದು ಮಾರಿದರು. ಕೈಯಲ್ಲಿ ಕಸುಬಿನ ಸಲಕರಣೆ, ಕೆಳಗೆ ಜಾತಿಯ ಹೆಸರು. ಆಮೇಲೆ ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಅಳತೆ ಕಡ್ಡಿ ಹಿಡಿದು ಹೊರಟ. ತಲೆ ಎಷ್ಟು ಉದ್ದ, ಮೂಗು ಎಷ್ಟು ಅಗಲ. 1909ರಲ್ಲಿ ಏಳು ಸಂಪುಟ ಬಂತು. ಅದರಲ್ಲಿ ಹೊಲೆಯರು ಎರಡನೆಯ ಸಂಪುಟದಲ್ಲಿದ್ದಾರೆ, ಮಾದಿಗರು ನಾಲ್ಕನೆಯದರಲ್ಲಿ. ಇಂಗ್ಲಿಷ್ ಅಕ್ಷರಕ್ರಮ, ಅಷ್ಟೇ. ಇಲ್ಲಿ ಮುಖ ಇದೆ, ಆದರೆ ಆ ಮುಖ ಯಾರದೂ ಅಲ್ಲ, ಒಂದು ಜಾತಿಯ ಮಾದರಿ. ಮುಖವನ್ನು ತೋರಿಸಿಯೂ ಅದನ್ನು ಫಿಗರ್ ಸ್ಟಡಿ ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಣ್ಣದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಅಂಗಡಿಯಲ್ಲಿ ಫ್ಲೆಶ್ ಟಿಂಟ್ ಅಂತ ಬರೆದ ಟ್ಯೂಬು ಸಿಗುತ್ತಿತ್ತು. ಮೈಬಣ್ಣ ಅಂತ. ತೆಗೆದು ನೋಡಿದರೆ ಹಸುಗೂಸಿನ ಅಂಗಾಲಿನ ಗುಲಾಬಿ. ನಮ್ಮ ಕೇರಿಯಲ್ಲಿ ಆ ಮೈ ಯಾರಿಗೂ ಇರಲಿಲ್ಲ. ಇನ್ನು ಕಪ್ಪು ಮೈ ಬರೆಯಬೇಕು ಅಂದ್ರೆ ಹುಡುಗರು ಅದಕ್ಕೇ ಟ್ಯೂಬಿನ ಕಪ್ಪು ಬೆರೆಸುತ್ತಾರೆ. ಮುಖ ಸತ್ತುಹೋಗುತ್ತದೆ, ಇದ್ದಿಲ ಪುಡಿ ಮೆತ್ತಿದ ಹಾಗೆ. ಕಪ್ಪು ಮೈ ಅಂದರೆ ಬೆಳಕಿಲ್ಲದ ಮೈ ಅಲ್ಲ, ಬೆಳಕನ್ನು ಬೇರೆ ಥರ ಹಿಡಿಯುವ ಮೈ. ಬಯಲಲ್ಲಿ ಕೂತವರ ಕೆನ್ನೆಯ ಮೂಳೆ ಮೇಲೆ ಆಕಾಶದ ನೀಲಿ ಬಿದ್ದಿರುತ್ತದೆ, ಕತ್ತಿನ ಕೆಳಗಿನ ನೆರಳಲ್ಲಿ ಕೆಂಪು ಇರುತ್ತದೆ. ಬರ್ನ್ಟ್ ಅಂಬರಿಗೆ ಅಲ್ಟ್ರಾಮರೀನ್ ನೀಲಿ, ಒಂದು ಚೂರು ಅಲಿಜರಿನ್ ಕೆಂಪು ಬೆರೆಸಿಕೊಂಡರೆ ಅದು ಉಸಿರಾಡುತ್ತದೆ. ಅಮೆರಿಕದ ಕರಿಯ ಚಿತ್ರಕಾರ ಕೆರ್ರಿ ಜೇಮ್ಸ್ ಮಾರ್ಷಲ್ 1980ರಲ್ಲಿ ಕಪ್ಪು ಹಿನ್ನೆಲೆಯಲ್ಲಿ ಕಪ್ಪು ಮುಖವೊಂದನ್ನು ಬರೆದ. ಮೊದಲು ಕಣ್ಣಿಗೆ ಬೀಳುವುದು ಬಿಳಿ ಕಣ್ಣು, ಬಿಳಿ ಹಲ್ಲು. ಅಲ್ಲಿಂದ ಮುಂದೆ ಅವನು ಬೇರೆ ಬೇರೆ ಕಪ್ಪುಗಳನ್ನು ಇಟ್ಟುಕೊಂಡು, ಒಂದು ಕಪ್ಪಿಗೂ ಇನ್ನೊಂದು ಕಪ್ಪಿಗೂ ಇರುವ ವ್ಯತ್ಯಾಸದಲ್ಲೇ ಇಡೀ ಜನವನ್ನು ಬರೆದ. ಅವನಿಂದ ನಾನು ಕಲಿತಿದ್ದೇನೆ. ಆದರೆ ಅವನ ದಾರಿ ಪೂರಾ ನಮ್ಮದಲ್ಲ. ಜಾತಿಯನ್ನು ಚರ್ಮದ ಬಣ್ಣದಲ್ಲಿ ಹುಡುಕುವುದು ದಡ್ಡತನ. ನನಗಿಂತ ಕಪ್ಪಗಿರುವ ಅಯ್ಯಂಗಾರರನ್ನು ನಾನು ಬಲ್ಲೆ.

ಹಾಗಾದರೆ ಚಿತ್ರಕಾರನ ಕಣ್ಣಿಗೆ ಜಾತಿ ಕಾಣುವುದೆಲ್ಲಿ? ನನ್ನ ಮಟ್ಟಿಗೆ ಅದು ಕಾಣುವುದು ಕೂರುವುದರಲ್ಲಿ. ಭಾವಚಿತ್ರ ಅಂದರೇನೇ ಒಬ್ಬರು ನೆಮ್ಮದಿಯಾಗಿ ಕೂರುವುದು, ಇನ್ನೊಬ್ಬರು ಅವರನ್ನು ಗಮನಕೊಟ್ಟು ನೋಡುವುದು. ಕುರ್ಚಿ ಇಲ್ಲದೆ ಭಾವಚಿತ್ರದ ಇತಿಹಾಸವೇ ಇಲ್ಲ. ಊರ ಗೌಡನ ಮುಂದೆ ಜಗಲಿ ಮೇಲೆ ಕೂತದ್ದಕ್ಕೆ ಒದೆ ತಿಂದವರ ಮಕ್ಕಳು ನಾವು. ನಮ್ಮ ದೊಡ್ಡವ್ವನನ್ನು ಬರೆಯಬೇಕು ಅಂತ ಕುರ್ಚಿ ಹಾಕಿದೆ. ಆಕೆ ಕುರ್ಚಿಯ ತುದಿಯಲ್ಲಿ ಕೂತಳು, ಯಾರಾದರೂ ಬಂದರೆ ತಟ್ಟನೆ ಎದ್ದು ನಿಲ್ಲಬೇಕಲ್ಲ, ಹಾಗೆ. ‘ಹಿಂದಕ್ಕೆ ಒರಗ್ಕಳವ್ವ’ ಅಂದರೆ, ‘ಇಲ್ಲ ಕನ, ಇಲ್ಲೇ ಚೆಂದಾಗದೆ’ ಅಂದಳು. ಎರಡು ದಿನ ಹಾಗೇ ಬರೆದೆ. ಮೂರನೇ ದಿನ ಮಾತಿನ ನಡುವೆ, ಸೊಸೆಯ ದೂರು ಹೇಳ್ತಾ ಹೇಳ್ತಾ, ತನಗೇ ಗೊತ್ತಾಗದೆ ಬೆನ್ನು ಹಿಂದಕ್ಕೆ ಬಿಟ್ಟಳು. ಹೆಗಲು ಎರಡು ಅಂಗುಲ ಕೆಳಗೆ ಇಳಿಯಿತು, ಕತ್ತು ಉದ್ದವಾಯಿತು, ಕೈ ಕುರ್ಚಿಯ ತೋಳಿನ ಮೇಲೆ ಬಂತು. ಅದುವರೆಗೆ ಬರೆದದ್ದನ್ನೆಲ್ಲ ಟರ್ಪೆಂಟೈನಿನಲ್ಲಿ ಒರೆಸಿ ಹೊಸದಾಗಿ ಶುರುಮಾಡಿದೆ. ಅಲ್ಲಿ ನೋಡಬೇಕಾದದ್ದು ಆ ಎರಡು ಅಂಗುಲ. ಪ್ರದರ್ಶನಕ್ಕಿಟ್ಟಾಗ ಒಬ್ಬ ವಿಮರ್ಶಕರು ‘ನೋವು ಕಾಣುತ್ತಿಲ್ಲವಲ್ಲ’ ಅಂದರು. ಏನು ಹೇಳೋದು.

ವಸ್ತುಚಿತ್ರ ನನಗೆ ಇನ್ನೂ ಹತ್ತಿರದ ಪ್ರಕಾರ. ಪಾಪ, ಎಲ್ಲಕ್ಕಿಂತ ತಳದ್ದು ಅಂತ ಮಾತ್ರ ಅಲ್ಲ. ಜಾತಿ ಬದುಕಿರುವುದೇ ವಸ್ತುಗಳಲ್ಲಿ. ಹೋಟೆಲಿನ ಸೂರಿಗೆ ಸಿಕ್ಕಿಸಿದ ಬೇರೆ ಲೋಟ, ನೀರು ಹೊಯ್ಯಲು ಇಟ್ಟ ತೆಂಗಿನ ಚಿಪ್ಪು. ಕಲಾಶಾಲೆಯ ಮೇಜಿನ ಮೇಲೆ ಮಾತ್ರ ಯಾವಾಗಲೂ ತಾಮ್ರದ ಬಿಂದಿಗೆ, ಹಿತ್ತಾಳೆ ದೀಪ, ಮಡಿಕೆ ಬಿದ್ದ ರೇಷ್ಮೆ ಬಟ್ಟೆ. ಅವನ್ನು ಮುಟ್ಟುವುದಕ್ಕೇ ನನಗೆ ಮೊದಮೊದಲು ಭಯ. ರೂಪ, ಛಾಯೆ, ಬೆಳಕು ಅಷ್ಟನ್ನೇ ನೋಡಬೇಕು, ವಸ್ತು ಯಾರ ಮನೆಯದು ಅನ್ನುವುದು ಕಲೆಗೆ ಸಂಬಂಧಪಟ್ಟದ್ದಲ್ಲ ಅಂತ ಪಾಠ.

ಇದಕ್ಕೆ ಒಂದು ಜಗತ್ಪ್ರಸಿದ್ಧ ಉದಾಹರಣೆ ಇದೆ. 1886ರಲ್ಲಿ ವ್ಯಾನ್ ಗೋ ಪ್ಯಾರಿಸ್ಸಿನಲ್ಲಿ ಒಂದು ಜೊತೆ ಹಳೇ ಬೂಟು ಬರೆದ. ಸವೆದ ಚರ್ಮ, ಬಿಚ್ಚಿಬಿದ್ದ ಲಾಡಿ. ಜರ್ಮನಿಯ ತತ್ವಜ್ಞಾನಿ ಹೈಡೆಗರ್ ಇದನ್ನು ನೋಡಿ, ಇವು ಒಬ್ಬ ರೈತ ಹೆಂಗಸಿನವು, ಇದರಲ್ಲಿ ನೆಲದ ಕರೆ ಕೇಳಿಸುತ್ತದೆ ಎಂದು ಬಹಳ ಗಹನವಾಗಿ ಬರೆದ. 1968ರಲ್ಲಿ ಕಲಾ ಇತಿಹಾಸಕಾರ ಮೇಯರ್ ಶಪೀರೊ, ಇಲ್ಲ, ಇವು ಪಟ್ಟಣದಲ್ಲಿದ್ದ ಚಿತ್ರಕಾರನ ಸ್ವಂತ ಬೂಟು, ಹಾಗಾಗಿ ಇದು ಅವನ ಆತ್ಮಚಿತ್ರವಿದ್ದ ಹಾಗೆ ಅಂದ. ಹೈಡೆಗರ್ 1933ರಲ್ಲಿ ನಾಜಿ ಪಕ್ಷ ಸೇರಿದವನು, ಶಪೀರೊ ಯಹೂದಿ. ನೆಲ, ರೈತ ಎಂಬ ಮಾತು ಆ ಬಾಯಲ್ಲಿ ಬಂದಾಗ ಶಪೀರೊಗೆ ಅನುಮಾನ ಬಂದರೆ ತಪ್ಪಿಲ್ಲ. ಆಮೇಲೆ 1978ರಲ್ಲಿ ದೆರಿದಾ ಬಂದು, ಇವು ಒಂದೇ ಜೊತೆಯ ಎರಡು ಬೂಟು ಅಂತ ಹೇಳಿದ್ದು ಯಾರು ಎಂದು ಇಬ್ಬರನ್ನೂ ಕಾಡಿದ.

ಮಾದಿಗರ ಮನೆಯಲ್ಲಿ ಹುಟ್ಟಿದ ನಾನು ಈ ಜಗಳ ಓದುವಾಗ ನನ್ನ ತಲೆಯಲ್ಲಿದ್ದ ಪ್ರಶ್ನೆ ಬೇರೆಯೇ. ವಾದವೆಲ್ಲ ಮೆಟ್ಟಿದವರು ಯಾರು ಅನ್ನುವುದರ ಸುತ್ತ. ಹೊಲಿದವನು ಯಾರು? ಚರ್ಮ ಯಾವ ದನದ್ದು, ಹದ ಮಾಡಿದ್ದು ಯಾರ ಕೈ? ನಮ್ಮಪ್ಪನಾಗಿದ್ದರೆ ಆ ಚಿತ್ರದಲ್ಲಿ ಮೊದಲು ಹೊಲಿಗೆ ನೋಡುತ್ತಿದ್ದ. ಅಟ್ಟೆ ಬಿಟ್ಟುಕೊಂಡಿದೆಯಾ, ಬಾರು ಎಳೆ ಕೊಟ್ಟಿದೆಯಾ, ಇನ್ನೊಂದು ಮಳೆಗಾಲ ತಡೆಯುತ್ತದಾ ಅಂತ. ಒಂದು ಎಕ್ಕಡದ ಹಿಂದೆ ಸತ್ತ ದನ ಹೊತ್ತು ತಂದ ಹೆಗಲು, ಸುಣ್ಣದ ನೀರಿನ ಬಾನಿ, ತಂಗಡಿ ಚಕ್ಕೆಯ ಒಗರು ವಾಸನೆ, ರಂಪಿಗೆ ಹಿಡಿದ ಅಂಗೈಯ ಜಡ್ಡು ಇದೆ. ಇವೆಲ್ಲ ಕಲಾ ವಿಮರ್ಶೆಗೆ ಸಂಬಂಧಪಟ್ಟದ್ದಲ್ಲ ಅಂದರೆ ಆ ವಿಮರ್ಶೆ ಬೂಟು ಹಾಕಿಕೊಂಡವರದು, ನಮ್ಮದಲ್ಲ.

ಕನ್ನಡಕ್ಕೆ ಈ ಪ್ರಶ್ನೆ ಹೊಸದೇನಲ್ಲ. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕತೆ ನಮ್ಮ ಜನಕ್ಕೆಲ್ಲ ಗೊತ್ತು. ಅಲ್ಲಿ ಮೆಟ್ಟು ಮಾಡಿದವರ ಹೆಸರೂ ಇದೆ, ಚರ್ಮದ ಮೂಲವೂ ಇದೆ. ಮೆಟ್ಟಬೇಕಾದವನು ಮೆಟ್ಟಲಾರದೆ ತಲೆ ಮೇಲೆ ಇಟ್ಟುಕೊಂಡ ಅನ್ನುತ್ತಾರೆ. ಇದನ್ನು ಭಕ್ತಿಯ ಕತೆ ಅಂತ ಓದಿ ಓದಿ ಸಾಕಾಗಿದೆ. ನನಗೆ ಅದು ಒಂದು ವಸ್ತುಚಿತ್ರ. ನಾನು ಅದನ್ನು ಬರೆದಾಗ ಬಸವಣ್ಣನನ್ನೂ ಬಿಟ್ಟೆ, ಹರಳಯ್ಯನನ್ನೂ ಬಿಟ್ಟೆ. ಅಡಿಗಲ್ಲು, ರಂಪಿಗೆ, ಉಳಿ, ಸೂಜಿ, ಅರ್ಧ ಹೊಲಿದ ಒಂದು ಎಕ್ಕಡ. ಸೂಜಿಯಲ್ಲಿ ದಾರ ಇನ್ನೂ ಇದೆ. ಮಾಡುವವನು ಈಗ ತಾನೇ ಎದ್ದುಹೋಗಿದ್ದಾನೆ, ವಾಪಸು ಬರುತ್ತಾನೆ.

ರೆಂಬ್ರಾಂಟ್ 1655ರಲ್ಲಿ ಕೊಯ್ದು ತೂಗುಹಾಕಿದ ಎತ್ತಿನ ಒಡಲೊಂದನ್ನು ಬರೆದಿದ್ದಾನೆ, ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಸ್ಲೈಡ್ ಹಾಕಿ ತೋರಿಸಿ, ‘ಆಹಾ, ಬಣ್ಣದ ದಪ್ಪ ನೋಡಿ’ ಅಂತ ಪಾಠ ಮಾಡಿದವರು, ನಾನು ನಮ್ಮ ಹಿತ್ತಲಿನ ಹಗ್ಗದ ಮೇಲೆ ಒಣಗುವ ಉಪ್ಪುಖಂಡ ಬರೆದು ತಂದರೆ ಮುಖ ಕಿವುಚಿದರು. ಹೊಸ ಗೋಹತ್ಯೆ ನಿಷೇಧ ಕಾನೂನು ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂತು. ಆಮೇಲೆ ಆ ಚಿತ್ರ ಹಾಕಿಕೊಳ್ಳಲು ಗ್ಯಾಲರಿಯವರೂ ಹೆದರಿದರು. ರೆಂಬ್ರಾಂಟನ ಎತ್ತಿಗೆ ಈ ತಾಪತ್ರಯ ಇಲ್ಲ.

ಈಗ ನಮ್ಮವರ ಜೊತೆಯೂ ಒಂದಿಷ್ಟು ಜಗಳ ಆಡಬೇಕು. ದಲಿತ ಚಳವಳಿಯ ಚಿತ್ರ ಅಂದ್ರೆ ನಮ್ಮ ಪುಸ್ತಕಗಳ ಮುಖಪುಟ, ಪೋಸ್ಟರ್ರು. ಬಗ್ಗಿದ ಬೆನ್ನು, ಪೊರಕೆ, ಸರಪಳಿ, ಮೇಲೆತ್ತಿದ ಮುಷ್ಟಿ. ಎಲ್ಲ ಕಪ್ಪು ಶಾಯಿಯ ನೆರಳು. ಆ ಕಾಲಕ್ಕೆ ಅದು ಬೇಕಿತ್ತು, ಕಡಿಮೆ ಖರ್ಚಿನಲ್ಲಿ ಛಾಪಿಸಬೇಕಿತ್ತು. ಆದರೆ ಆ ಮುಷ್ಟಿಯ ಮೇಲೆ ಮುಖ ಇಲ್ಲ ಅನ್ನುವುದನ್ನು ಯಾರಾದರೂ ಗಮನಿಸಿದ್ದಾರಾ? ನಾಗಪುರದ ಸವಿ ಸಾವರ್ಕರ್ (ಹೆಸರು ಕೇಳಿ ಗಾಬರಿಯಾಗಬೇಡಿ, ಇವರು ದಲಿತ ಕಲಾವಿದರು) ಪೇಶ್ವೆ ಕಾಲದ ಅಸ್ಪೃಶ್ಯನ ಕೊರಳ ಮಡಕೆ, ಸೊಂಟದ ಪೊರಕೆಯನ್ನು ಎತ್ತಿ ತಂದು ಕಣ್ಣಿಗೆ ತಿವಿದರು. ಅವರ ಗೆರೆಗೆ ಸಿಟ್ಟಿದೆ, ಆ ಸಿಟ್ಟಿಗೆ ಅಧ್ಯಯನವಿದೆ. ಅವರನ್ನು ನೋಡಿ ಬರೆಯುವ ಹುಡುಗರಲ್ಲಿ ಮಡಕೆ ಪೊರಕೆ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ. ತಂಜಾವೂರಿನ ಸಲಕರಣೆ ಹಿಡಿದ ಜೋಡಿಗಳಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ನಾವು ಕೇಳಿಕೊಳ್ಳದೆ ಇದ್ದರೆ ಥರ್ಸ್ಟನ್ನನ ಕೆಲಸವನ್ನು ನಾವೇ ಮುಂದುವರಿಸಿದ ಹಾಗೆ.

ನಮ್ಮ ಜನ ಮಾತ್ರ ಕಲಾವಿದರಿಗಿಂತ ಮುಂದಿದ್ದಾರೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ದೇವರ ಪಟಗಳನ್ನು ಚರಂಡಿಗೆ ಎಸೆಯಿರಿ ಅಂದಾಗ ಎಷ್ಟು ಗದ್ದಲವಾಯಿತು! ಪಟ ಹೋದ ಮೇಲೆ ಗೋಡೆಯಲ್ಲಿ ಉಳಿದ ಮೊಳೆಗೆ ಬಂದು ಕೂತವರು ಬಾಬಾಸಾಹೇಬರು. ಸಂಸತ್ ಭವನದಲ್ಲಿ ಬಿ.ವಿ. ವಾಘ್ ಮಾಡಿದ ಕಂಚಿನ ಪ್ರತಿಮೆ ನಿಂತದ್ದು 1967ರಲ್ಲಿ. ಊರೂರ ಗೋಡೆಯ ಮೇಲಿನ ನೀಲಿ ಕೋಟನ್ನು ಬರೆದವರು ಸೈನ್‌ಬೋರ್ಡ್ ಹುಡುಗರು. ಒಂದು ಸಣ್ಣ ಫೋಟೋ, ಅದರ ಮೇಲೆ ಚೌಕ, ಗೋಡೆಯ ಮೇಲೆ ದೊಡ್ಡ ಚೌಕ. ಕಲೆ ಬಲ್ಲವರು ಇದನ್ನು ಕ್ಯಾಲೆಂಡರ್ ಕಲೆ ಅನ್ನುತ್ತಾರೆ. 1894ರಲ್ಲಿ ರವಿವರ್ಮ ಪ್ರೆಸ್ ಹಾಕಿ ದೇವರುಗಳನ್ನು ಅಚ್ಚು ಹಾಕಿ ಹಂಚಿದ್ದು ಮಾತ್ರ ಕಲಾ ಇತಿಹಾಸ. ಆ ಗೋಡೆಗಳನ್ನು ನಾನು ನಿಂತು ನೋಡುತ್ತೇನೆ. ಚೌಕ ಸ್ವಲ್ಪ ಜಾರಿ, ದವಡೆ ಸ್ವಲ್ಪ ಅಗಲವಾಗಿ, ಹುಬ್ಬು ದಪ್ಪವಾಗಿ, ಒಂದೊಂದು ಊರಿನ ಅಂಬೇಡ್ಕರ್ ಆ ಊರಿನವರ ಹಾಗೇ ಆಗಿಬಿಟ್ಟಿರುತ್ತಾರೆ. ಚಾಮರಾಜನಗರದ ಕಡೆಯ ಒಂದು ಊರಲ್ಲಿ ಅವರಿಗೆ ಥೇಟ್ ನಮ್ಮ ಸೋದರಮಾವನ ಮೂಗು. ಇನ್ನು ಕೋಟು, ಟೈ, ಕನ್ನಡಕ, ಪುಸ್ತಕ, ಜೇಬಿನ ಪೆನ್ನು: ಇದು ಭಾವಚಿತ್ರದ ಒಳಗೆ ಕೂತಿರುವ ವಸ್ತುಚಿತ್ರ. ಪ್ರತಿಯೊಂದು ವಸ್ತುವೂ ಮುಟ್ಟಬೇಡ ಅಂದದ್ದನ್ನು ಮುಟ್ಟಿದ ದಾಖಲೆ. ರಾಜರ ಕತ್ತಿ ಕಿರೀಟದ ಬಗ್ಗೆ ಪ್ರಬಂಧ ಬರೆಯುವವರಿಗೆ ಈ ಪೆನ್ನು ಕಾಣದೆ ಹೋದರೆ ಅದು ಪೆನ್ನಿನ ತಪ್ಪಲ್ಲ.

ಈಚೆಗೆ ನನ್ನ ಹತ್ತಿರ ಬರುವವರು ಹೆಚ್ಚಾಗಿ ಸತ್ತವರ ಚಿತ್ರ ಕೇಳಿಕೊಂಡು ಬರುತ್ತಾರೆ. ಅಪ್ಪನದೋ ಅವ್ವನದೋ ಬೇರೆ ಫೋಟೋನೇ ಇರುವುದಿಲ್ಲ. ಇರೋದು ಆಧಾರ್ ಕಾರ್ಡಿನಲ್ಲಿ, ಓಟಿನ ಚೀಟಿಯಲ್ಲಿ. ಹೆಬ್ಬೆರಳ ಉಗುರಿನಷ್ಟು ಮುಖ, ಮೇಲೆ ಬೆಳಕು ಹೊಡೆದು ಹಣೆ ಬೆಳ್ಳಗಾಗಿದೆ. ಅದು ಸರ್ಕಾರ ಎಣಿಕೆಗೆ ಅಂತ ತೆಗೆದದ್ದು. ಅದನ್ನು ಭಾವಚಿತ್ರ ಮಾಡಿಕೊಡಿ ಅನ್ನುತ್ತಾರೆ. ಹೋದ ತಿಂಗಳು ಒಬ್ಬ ಹುಡುಗ, ಅವನ ಅಕ್ಕ, ಅವರ ಚಿಕ್ಕವ್ವ ಮೂವರೂ ಬಂದರು. ‘ಅವ್ವನ ಕತ್ತಿಗೆ ಒಂದು ಎರಡೆಳೆ ಚಿನ್ನದ ಸರ ಹಾಕ್ಬುಡಿ ಸಾರ್’ ಅಂದ ಹುಡುಗ. ‘ಯಾವತ್ತು ಹಾಕಿದ್ಲೋ ಅವ್ಳು ಸರವ?’ ಅಂತ ಚಿಕ್ಕವ್ವ ರೇಗಿದಳು. ‘ಇಲ್ಲದಿದ್ದಕ್ಕೇ ತಾನೆ ಈಗ ಹಾಕಿ ಅಂತಿರಾದು’ ಅಂತ ಅವನು. ವಾಸ್ತವವಾದ ಕಲಿತ ನನಗೆ ಇದರಲ್ಲಿ ಯಾರ ಪರ ನಿಲ್ಲಬೇಕು ಎಂಬ ಗೊಂದಲ ಈಗ ಇಲ್ಲ. ಅರಮನೆಯ ಚಿತ್ರಕಾರರು ರಾಜರಿಗೆ ಇಲ್ಲದ ಎತ್ತರವನ್ನೂ ಕೊಟ್ಟಿದ್ದಾರೆ. ಸರ ಹಾಕುತ್ತೇನೆ ಅಂದೆ. ಆದರೆ ಕೈ ಹೇಗಿತ್ತು ಹೇಳಿ ಅಂದೆ, ಕಾರ್ಡಿನಲ್ಲಿ ಕೈ ಇಲ್ಲವಲ್ಲ. ಮೂವರೂ ಸುಮ್ಮನಾದರು. ಆಮೇಲೆ ಅಕ್ಕ ತನ್ನ ಕೈಯನ್ನೇ ಮುಂದಕ್ಕೆ ಚಾಚಿ, ‘ನಂದೇ ತರಕ್ಕಿತ್ತು, ಬೆರಳು ಇನ್ನೊಸಿ ದಪ್ಪ’ ಅಂದಳು. ಚಿಕ್ಕವ್ವ ಒಪ್ಪಲಿಲ್ಲ. ಎಡಗೈಯ ಕಿರುಬೆರಳು ಸೊಟ್ಟ ಇತ್ತು, ಕುಡುಗೋಲು ತಾಗಿ ಅಂತ ಹೇಳಿದಳು. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಅಕ್ಕನನ್ನು ಕುರ್ಚಿ ಮೇಲೆ ಕೂರಿಸಿ, ಚಿಕ್ಕವ್ವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಬೆರಳಿನಿಂದ ಶುರುಮಾಡಿದ್ದೇನೆ.